ಹೊಂಗೇಕಟ್ಟೆಯ ಕಮಾನಿನ ವಿಷಯವಾಗಿ ಸರ್ವಮಂಗಳಮ್ಮನವರಿಗೆ

ಹೊಂಗೇಕಟ್ಟೆ
ಫೆಬ್ರವರಿ 30, 2127

ನನ್ನ ಅಜ್ಜಿಯ ಅಜ್ಜಿ ಸರ್ವಮಂಗಳಮ್ಮನವರಿಗೆ,

ತಾರೀಖು ತಪ್ಪಾಗಿದೆ ಎಂದುಕೊಳ್ಳಬೇಡಿ. ತಿಂಗಳುಗಳನ್ನೆಲ್ಲ ಸಮ ಮಾಡಿ ಎಪ್ಪತ್ತು ವರ್ಷವಾಯಿತು. ನಮ್ಮ ಫೆಬ್ರವರಿಗೂ ಮೂವತ್ತು ದಿನ. ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಬಹುದು. ನಾನು ಕಾಲೇಜಿನಲ್ಲಿ ಓದಿದ್ದು ನಿಮ್ಮ ಕಾಲದ ಗದ್ಯವನ್ನು. ಆದಷ್ಟೂ ನಿಮ್ಮ ಕನ್ನಡದಲ್ಲೇ ಬರೆಯುತ್ತೇನೆ, ನಮ್ಮ ಮಾತು ನುಸುಳಿದ ಕಡೆ ಅರ್ಥ ಹೇಳುತ್ತೇನೆ. ಎದುರು ನಿಂತು ಮಾತಾಡಲು ನನಗೆ ಬರುವುದಿಲ್ಲ. ಬರೆಯುವಾಗ ಸ್ವಲ್ಪ ಧೈರ್ಯ.

ನನ್ನ ಹೆಸರು ಇಬ್ಬನಿ. ವಯಸ್ಸು ಇಪ್ಪತ್ತನಾಲ್ಕು. ಈಗ ಬರೆಯುತ್ತಿರುವುದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಹಿಂದಿನವರು ಮಾಡಿಕೊಂಡ ಒಪ್ಪಂದದ ವಿಚಾರಣೆಯಲ್ಲಿ ಯಾರಾದರೂ ಸೋತರೆ, ಕಚೇರಿಯವರು ಸೋತವರ ಕೈಗೆ ಮೂರು ಹಾಳೆ ಕೊಡುತ್ತಾರೆ. ಒಪ್ಪಂದಕ್ಕೆ ರುಜು ಹಾಕಿದವರಿಗೆ ಹೇಳಬೇಕಾದದ್ದನ್ನು ಬರೆದು ಪೆಟ್ಟಿಗೆಗೆ ಹಾಕಿ ಮನೆಗೆ ಹೋಗಬೇಕು. ಅದು ತಲುಪುತ್ತದೆ ಎಂದು ಯಾರೂ ನಂಬುವುದಿಲ್ಲ, ಆದರೂ ಬರೆಯದೆ ಯಾರೂ ಹೋಗುವುದಿಲ್ಲ. ಕೆಲವರು ಮೂರು ಹಾಳೆಯನ್ನೂ ಬೈಗುಳದಲ್ಲೇ ತುಂಬಿಸುತ್ತಾರಂತೆ. ನನಗೆ ಬೈಯಲು ಬರುವುದಿಲ್ಲ.

ನೀವು ಕಂಡ ರಾಜ್ಯ ಹೆದ್ದಾರಿ ಈಗ ಗುರುತು ಸಿಗುವುದಿಲ್ಲ. ಎರಡು ಬದಿಗೂ ಎರಡಾಳೆತ್ತರದ ಗೋಡೆ. ಗೋಡೆಯಾಚೆ ಚಾಲಕರಿಲ್ಲದ ಗಾಡಿಗಳು ಹಗಲೂ ರಾತ್ರಿ ಹೋಗುತ್ತಿರುತ್ತವೆ. ನಮಗೆ ಅವು ಕಾಣುವುದಿಲ್ಲ, ಜೇನುಗೂಡಿನ ಹತ್ತಿರ ನಿಂತ ಹಾಗೆ ಸದ್ದು ಮಾತ್ರ ಕೇಳುತ್ತದೆ. ಗೋಡೆಯಲ್ಲಿ ಊರಿಗೆಂದು ಬಿಟ್ಟ ಜಾಗಕ್ಕೆ ನಾವು ಬಾಯಿ ಎನ್ನುತ್ತೇವೆ. ಬಾಯಿ ಇದ್ದ ಊರಿನವರು ಅದರ ಕೆಳಗಿನ ಸುರಂಗದಲ್ಲಿ ರಸ್ತೆ ದಾಟಬಹುದು, ಬೇಕಾದರೆ ರಸ್ತೆಯನ್ನೇ ಸೇರಬಹುದು. ಬಾಯಿ ಇಲ್ಲದವರು ಬದಿಯವರು. ನಾವು ಬದಿಯವರು.

ನಮ್ಮ ಮೇಲಿನ ಹೊಲದಲ್ಲಿ ನಿಂತರೆ ದೊಡ್ಡಪೇಟೆಯ ನೀರಿನ ಟ್ಯಾಂಕು ಕಾಣುತ್ತದೆ. ಎರಡೂವರೆ ಕಿಲೋಮೀಟರು. ನಿಮ್ಮ ಕಾಲದ ಹೆಂಗಸರು ಸೊಪ್ಪಿನ ಕುಕ್ಕೆ ತಲೆಯ ಮೇಲಿಟ್ಟುಕೊಂಡು ಹರಟುತ್ತಾ ಅರ್ಧ ಗಂಟೆಯಲ್ಲಿ ಅಲ್ಲಿಗೆ ಹೋಗುತ್ತಿದ್ದರು. ನಾವು ಹೋಗುವುದು ಸುತ್ತುಬಂಡಿಯಲ್ಲಿ. ಅದು ಬದಿಯ ಊರುಗಳನ್ನೆಲ್ಲ ತಡಕಾಡಿಕೊಂಡು ಮೂವತ್ತೊಂದು ಕಿಲೋಮೀಟರು ಸುತ್ತಿ ಪೇಟೆ ಸೇರುತ್ತದೆ. ಅದರಲ್ಲಿ ಪ್ರತಿಯೊಬ್ಬರಿಗೂ ತಲೆಮಾರಿನಿಂದ ಬಂದ ಜಾಗವಿದೆ; ನಮ್ಮದು ಹಿಂದಿನ ಬಾಗಿಲ ಪಕ್ಕ. ಅಲ್ಲಿ ಕೂತು ಕೂತು ನಾನು ಸೊಪ್ಪುಗಳ ಸ್ವಭಾವ ಕಲಿತಿದ್ದೇನೆ. ದಂಟು ತಡೆದುಕೊಳ್ಳುತ್ತದೆ. ಮೆಂತ್ಯ ಅರ್ಧ ದಾರಿಯಲ್ಲಿ ತಲೆ ಬಾಗಿಸುತ್ತದೆ. ಕೊತ್ತಂಬರಿಗೆ ಎಷ್ಟು ಒದ್ದೆ ಗೋಣಿ ಹೊದಿಸಿದರೂ ಪೇಟೆಯ ಹೊತ್ತಿಗೆ ಬಸವಳಿದಿರುತ್ತದೆ. ನಮ್ಮ ಮಾಲಿಗೆ ಪೇಟೆಯಲ್ಲಿ ಸುತ್ತುಸೊಪ್ಪು ಎಂದು ಹೆಸರು. ಸುತ್ತುಸೊಪ್ಪು ಎಂದರೆ ಅರ್ಧ ಬೆಲೆ. ಅಮ್ಮ ಆ ಹೆಸರನ್ನು ಬಾಯಲ್ಲಿ ಒಮ್ಮೆಯೂ ಅಂದವಳಲ್ಲ.

ಊರಬಾಗಿಲಿನ ಕಮಾನು ಇನ್ನೂ ಇದೆ. ಗಟ್ಟಿಯಾಗಿ ಕಟ್ಟಿಸಿದ್ದೀರಿ. ಊರಿನಿಂದ ಹೊರಟು, ಅದರ ಕೆಳಗೆ ನುಸುಳಿ, ಹತ್ತು ಹೆಜ್ಜೆ ಹಾಕಿದರೆ ಗೋಡೆ ಮುಟ್ಟುತ್ತೇವೆ. ಅಷ್ಟೇ ಅದರ ದಾರಿ. ನೆತ್ತಿಯಲ್ಲಿ ನಿಮ್ಮ ಮಾವನವರ ಹೆಸರಿದೆ, ‘ಶ್ರೀ ತಿಪ್ಪೇರುದ್ರಪ್ಪನವರ ಸ್ಮರಣಾರ್ಥ’ ಎಂದು. ಊರಿನ ಹೆಸರಿಗಿಂತ ಆ ಅಕ್ಷರಗಳೇ ದೊಡ್ಡವು.

ರಸ್ತೆಗೆ ದುಡ್ಡು ಹೇಗೆ ಬಂತು ಎಂಬುದನ್ನು ನಾನು ಈ ವರ್ಷವಷ್ಟೇ ಸರಿಯಾಗಿ ತಿಳಿದುಕೊಂಡೆ. ಸರ್ಕಾರದ ಬಳಿ ಹಣವಿರಲಿಲ್ಲ. ರಸ್ತೆ ಮಂಡಲಿ ಹೊರಗಿನಿಂದ ಸಾಲ ತಂದು ಕಟ್ಟಿ, ತೊಂಬತ್ತೊಂಬತ್ತು ವರ್ಷ ಟೋಲ್ ಎತ್ತಿಕೊಳ್ಳುವುದೆಂದು ಒಪ್ಪಂದವಾಯಿತು. ಗಾಡಿಗಳು ನಿಲ್ಲದೆ ಓಡಿದಷ್ಟೂ ಟೋಲ್ ಹೆಚ್ಚು. ಆದ್ದರಿಂದ ಬಾಯಿ ಬೇಡವೆಂದು ಬಿಟ್ಟುಕೊಟ್ಟ ಊರಿಗೆ ‘ಗ್ರಾಮ ಗೌರವ ನಿಧಿ’ ಎಂದು ಒಂದು ಸಲ ಒಂದಿಷ್ಟು ಹಣ. ಆ ಹಣದಲ್ಲೇ ನಮ್ಮ ಕಮಾನು ಎದ್ದಿತು. ಮಂಡಲಿ ವರ್ಷ ವರ್ಷವೂ ಪ್ರಗತಿ ವರದಿ ಅಚ್ಚು ಹಾಕಿಸುತ್ತದೆ. ಅವನ್ನೆಲ್ಲ ನಾನು ಸಾಲು ಸಾಲು ಓದಿದ್ದೇನೆ. ರಸ್ತೆಯಿಂದ ಜಿಲ್ಲೆಗೆ ಆದ ಲಾಭವೆಂದರೆ ಗಾಡಿಗಳಿಗೆ ಉಳಿದ ನಿಮಿಷಗಳ ಮೊತ್ತ. ಸುತ್ತುಬಂಡಿಯಲ್ಲಿ ಅಮ್ಮ ಕಳೆದ ನಿಮಿಷಗಳು ಯಾವ ಪುಟದಲ್ಲೂ ಇಲ್ಲ. ಸುಳ್ಳು ಬರೆದಿದ್ದಾರೆ ಎನ್ನಲಾರೆ. ಸಾಹಿತ್ಯ ಓದಿದವಳಿಗೆ ಒಂದು ಅಭ್ಯಾಸವಿರುತ್ತದೆ, ವಾಕ್ಯದಲ್ಲಿ ಯಾರು ಕಾಣೆಯಾಗಿದ್ದಾರೆ ಎಂದು ಹುಡುಕುವುದು. ಆ ವರದಿಗಳಲ್ಲಿ ರಸ್ತೆಯ ಮೇಲೆ ಹೋಗುವವರೆಲ್ಲ ಇದ್ದರು, ದಾಟಬೇಕಾದವರು ಇರಲಿಲ್ಲ.

ಇಷ್ಟಾದರೂ ನಮ್ಮ ಮನೆಯವರು ಊರಿನಲ್ಲಿ ತಲೆಯೆತ್ತಿ ನಡೆದಿದ್ದು ನಿಮ್ಮಿಂದ. ಇಡೀ ಗ್ರಾಮಸಭೆ ಬಾಯಿಯ ಬದಲು ಕಮಾನು ಕೇಳಿದಾಗ ಅಧ್ಯಕ್ಷೆಯಾಗಿದ್ದ ನೀವೊಬ್ಬರೇ ಎದ್ದು, “ಸೊಪ್ಪಿನ ಕುಕ್ಕೆ ಹೊತ್ಕಂಡು ಕಮಾನು ಹತ್ತಿ ದಾಟ್ಬೇಕಾ ನಾವು?” ಎಂದು ಕೇಳಿದಿರಂತೆ. ಕಮಾನಿನ ಮೇಲಿನ ಹೆಸರು ಊರಿನವರೇ ಗೌರವಕ್ಕೆ ಹಾಕಿಸಿದ್ದಂತೆ. ನಿಮ್ಮ ಮಗಳು ಸಾನ್ವಜ್ಜಿ ಅದನ್ನು ತನ್ನ ಮಗಳಿಗೆ ಹೇಳಿದಳು, ಅವಳು ಅಮ್ಮನಿಗೆ ಹೇಳಿದಳು. ಶಾಲೆಯಲ್ಲಿ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ನಾನು ಗಟ್ಟಿಯಾಗಿ ಹೇಳಬಲ್ಲ ವಾಕ್ಯ ಅದೊಂದೇ ಆಗಿತ್ತು.

ಈ ವರ್ಷ ಒಪ್ಪಂದದ ಅವಧಿ ಮುಗಿಯಿತು. ಮೂಲ ಒಪ್ಪಂದದಲ್ಲಿ ಒಂದು ಕಲಮಿದೆ: ಅಂದಿನ ಸಭೆಯಲ್ಲಿ ಒಬ್ಬರಾದರೂ ಆಕ್ಷೇಪಣೆ ಬರೆಸಿದ್ದರೆ, ಅವಧಿ ಮುಗಿದಾಗ ಆ ಊರಿಗೆ ಬಾಯಿ ಕೊಡಲೇಬೇಕು. ಯಾರೂ ಬರೆಸಿರದಿದ್ದರೆ ಇನ್ನೂ ಅರವತ್ತು ವರ್ಷ ಗೋಡೆ ಹೀಗೆಯೇ. ನಮಗೇನು ಭಯ, ಸರ್ವಮಂಗಳಮ್ಮ ಇದ್ದರಲ್ಲ! ಊರಿನವರು ನಿಮ್ಮ ಮಾತನ್ನು ಬಟ್ಟೆಯ ಮೇಲೆ ಬರೆಸಿ ಕಮಾನಿಗೇ ಕಟ್ಟಿದರು. ಅಮ್ಮ ಗೋಡೆಯ ಪಕ್ಕ ಎರಡು ಮಡಿ ಮೆಂತ್ಯ ಹೆಚ್ಚಿಗೆ ಹಾಕಿದಳು. “ಈ ಸಲ ಬಾಡದ್ ಸೊಪ್ಪು ಮಾರ್ತೀನಿ ನೋಡು” ಅಂದಳು. ನಿಮ್ಮ ಕಾಲದ ಬರಹ ಓದಬಲ್ಲವಳು ಊರಿನಲ್ಲಿ ನಾನೊಬ್ಬಳೇ ಎಂದು, ಮಂಡಲಿಯ ಉಗ್ರಾಣದಿಂದ ಹಳೆಯ ದಾಖಲೆ ತೆಗೆದು ವಿಚಾರಣೆಯಲ್ಲಿ ಓದುವ ಕೆಲಸ ನನಗೆ ಬಂತು.

ನಡಾವಳಿ ಪುಸ್ತಕದಲ್ಲಿ ಒಂದೇ ಸಾಲಿತ್ತು. ‘ಸದರಿ ವಿಷಯಕ್ಕೆ ಸಭೆಯು ಸರ್ವಾನುಮತದಿಂದ ಒಪ್ಪಿಗೆ ನೀಡಿತು.’ ಕೆಳಗೆ ನಿಮ್ಮ ರುಜು. ಯಾರೋ ನಿಮಗೆ ಮೋಸ ಮಾಡಿ ಬರೆದಿದ್ದಾರೆ ಎಂದುಕೊಂಡೆ. ಪುಸ್ತಕದ ಜೊತೆಗೆ ಸಭೆಯ ಒಂದು ವಿಡಿಯೊ ಇತ್ತು, ಯಾರೋ ಫೋನಿನಲ್ಲಿ ಹಿಡಿದದ್ದು. ಮೋಸ ಹಿಡಿಯಲೆಂದೇ ಅದನ್ನು ಹಾಕಿದೆ.

ಶಾಲೆಯ ಜಗುಲಿಯಲ್ಲಿ ಶಾಮಿಯಾನ. ಎಂಜಿನಿಯರ್ ನಿಧಾನವಾಗಿ, ಮರ್ಯಾದೆಯಿಂದಲೇ ಹೇಳುತ್ತಾರೆ: “ನೋಡಿ, ಓಪನಿಂಗ್ ಬಿಟ್ಕೊಟ್ರೆ ನಿಧಿ ಬರುತ್ತೆ. ಬಹುಮತ ಸಾಕು. ಆಕ್ಷೇಪಣೆ ಇರೋರು ಈಗ್ಲೇ ಬರೆಸಿ, ಅದರಿಂದ ನಿಧಿಗೇನೂ ತೊಂದ್ರೆ ಇಲ್ಲ. ಮುಂದೆ ಒಪ್ಪಂದ ಮುಗಿದಾಗ ಅದು ಕೆಲಸಕ್ಕೆ ಬರುತ್ತೆ.”

ಮುಂದಿನ ಸಾಲಿನಿಂದ ಒಬ್ಬ ಗಂಡಸು, “ಕಾಚನಹಳ್ಳಿಯೋರ್ಗೆ ಕಮಾನೈತೆ, ನಮ್ಗೇನೈತೆ? ಬಸ್ಸೋನು ನಮ್ಮೂರು ಬಂದಿದ್ದೇ ಗೊತ್ತಾಗ್ದೆ ಮುಂದುಕ್ಕೋಯ್ತಾನೆ” ಅನ್ನುತ್ತಾನೆ.

“ಅವ್ನು ಗೊತ್ತಾದ್ರೂ ನಿಲ್ಸಲ್ಲ ಬಿಡಣ್ಣ” ಎಂದು ಇನ್ನೊಬ್ಬ. ಎಲ್ಲರೂ ನಗುತ್ತಾರೆ.

ಆಗ ಕಂಬದ ಹತ್ತಿರ ಕೂತಿದ್ದ ಒಬ್ಬ ಮುದುಕಿ ಮೊಣಕಾಲಿಗೆ ಕೈ ಊರಿ ಏಳುತ್ತಾಳೆ. “ಅಲ್ಲ ಕಣಮ್ಮಣ್ಣಿ, ಸೊಪ್ಪಿನ ಕುಕ್ಕೆ ಹೊತ್ಕಂಡು ಕಮಾನು ಹತ್ತಿ ದಾಟ್ಬೇಕಾ ನಾವು?”

ಅದೇ ವಾಕ್ಯ. ನಾನು ನಿಲ್ಲಿಸಿ ಮತ್ತೆ ಹಾಕಿದೆ. ಆಕೆ ಕೇಳುತ್ತಿದ್ದದ್ದು ನಿಮ್ಮನ್ನು.

ನೀವು ಮೇಜಿನ ಹಿಂದೆ ಹಸಿರು ಸೀರೆಯಲ್ಲಿದ್ದಿರಿ. ನಿಮ್ಮ ಮೂಗು ಅಮ್ಮನ ಮೂಗಿನ ಹಾಗೆಯೇ ಇದೆ. “ಹತ್ತಕ್ಕಾಗ್ದಿದ್ರೆ ನಿಂಗೊಂದು ಏಣಿ ಹಾಕಿಸ್ಕೊಡ್ತೀನಿ, ಕೂತ್ಕೊ ಕದಿರಮ್ಮಜ್ಜಿ” ಅಂದಿರಿ. ಶಾಮಿಯಾನವೆಲ್ಲ ನಕ್ಕಿತು.

“ನಗ್ರಿ, ನಗ್ರಿ. ನಾನ್ ಒಪ್ಪಾಕಿಲ್ಲ. ಬರ್ಕೊಳಪ್ಪ ಪಿಡಿಒ, ಕದಿರಮ್ಮ ಒಪ್ಪಲಿಲ್ಲ ಅಂತ ಬರ್ಕೊ.”

ಪಿಡಿಒ ಪೆನ್ನು ಹಿಡಿದು ನಿಮ್ಮ ಮುಖ ನೋಡಿದರು. “ಬರೀಲೇನು ಮೇಡಂ?”

“ಅವಜ್ಜಿ ಏನೋ ಅಂತೈತೆ, ಬಿಡಿ ಸಾರ್. ಚೆನ್ನಾಗಿ ಸರ್ವಾನುಮತ ಅಂತ ಹಾಕಿ.” ಆಮೇಲೆ ಎಂಜಿನಿಯರ್ ಕಡೆ ತಿರುಗಿ, “ನಮ್ ಮಾವನೋರ ಹೆಸ್ರು ಎಷ್ಟು ದಪ್ಪಕ್ಷರ ಬರುತ್ತೆ ಸಾರ್?” ಎಂದು ಕೇಳಿದಿರಿ.

ಅಷ್ಟರಲ್ಲಿ ಖಾರಾಬೂಂದಿಯ ತಟ್ಟೆಗಳು ಬಂದವು. ಕದಿರಮ್ಮ ತಟ್ಟೆ ತೆಗೆದುಕೊಳ್ಳಲಿಲ್ಲ. ನಿಂತೇ ಇದ್ದಳು.

ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಸೊಪ್ಪಿನ ಕಟ್ಟು ಕಟ್ಟುತ್ತಿದ್ದ ಅಮ್ಮನಿಗೆ ಹೇಳಿದೆ.

“ದನಿ ಸರ್ಯಾಗಿ ಕೇಳ್ದಾ?” ಅಂದಳು.

“ಹತ್ತು ಸಲ ಕೇಳ್ದೆ ಅಮ್ಮ.”

ಅಮ್ಮ ಎರಡು ಕಟ್ಟು ಕಟ್ಟಿದಳು. “ಕದಿರಮ್ಮ ಅಂದ್ರೆ ಯಾರು?”

ನನಗೆ ಗೊತ್ತಿರಲಿಲ್ಲ. ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಕೆಯ ಮನೆಯವರು ಗೋಡೆ ಎದ್ದ ವರ್ಷವೇ ಊರು ಬಿಟ್ಟಿದ್ದರೆಂದು ಮನೆಗಂದಾಯದ ಪುಸ್ತಕದಲ್ಲಿ ಆಮೇಲೆ ಕಂಡಿತು.

“ಅದ್ನ ಓದ್ತೀಯಾ ಅಲ್ಲಿ? ಎಲ್ರ್ ಮುಂದೆ?”

ನಡಾವಳಿ ಮಾತ್ರ ಓದಿದರೆ ಊರು ಸೋಲುತ್ತದೆ, ನಮ್ಮ ಮನೆಯ ಹೆಸರು ಉಳಿಯುತ್ತದೆ. ವಿಡಿಯೊ ಕೇಳಿಸಿದರೆ ಹೆಸರು ಹೋಗುತ್ತದೆ. ಕದಿರಮ್ಮನ ಮಾತನ್ನು ಆಕ್ಷೇಪಣೆ ಎಂದು ಒಪ್ಪಿದರೆ ಊರಿಗೆ ಬಾಯಿ ಸಿಗುತ್ತದೆ. ಇದನ್ನೇ ಅಮ್ಮನಿಗೆ ಹೇಳಿದೆ. ಅವಳು ಕುಕ್ಕೆ ಎತ್ತಿಕೊಂಡು, “ಹೆಸ್ರು ಕಟ್ಕೊಂಡು ಏನ್ ಮಾಡಾಣ. ಓದು” ಅಂದಳು.

ವಿಚಾರಣೆಯ ದಿನ ಇಡೀ ಊರು ಬಂದಿತ್ತು. ಮೊದಲು ಪುಸ್ತಕದ ಸಾಲು ಓದಿದೆ, ಆಮೇಲೆ ವಿಡಿಯೊ ಹಾಕಿದೆ. ನಿಮ್ಮ ಶಾಮಿಯಾನದ ನಗು ಆ ದೊಡ್ಡ ಕೋಣೆಯಲ್ಲಿ ಇನ್ನೂ ದೊಡ್ಡದಾಗಿ ಕೇಳಿಸಿತು. ನನ್ನ ಹಿಂದಿನ ಬೆಂಚಿನಿಂದ ಯಾರೋ, “ಇಷ್ಟ್ ದಿನ ಯಾರ್ ಮಾತ್ನ ಯಾರ್ದು ಅಂತ ಹೇಳ್ಕಂಡು ಮೆರೆದ್ರಪ್ಪ ಇವ್ರು” ಅಂದರು. ಅಮ್ಮ ತಲೆ ತಗ್ಗಿಸಲಿಲ್ಲ. ಕೈಯನ್ನು ಮಾತ್ರ ಸೆರಗಿನೊಳಗೆ ಇಟ್ಟುಕೊಂಡಳು.

ವಿಚಾರಣಾಧಿಕಾರಿ ಕೆಟ್ಟ ಮನುಷ್ಯರಲ್ಲ. ವಿಡಿಯೊವನ್ನು ಎರಡು ಸಲ ಹಾಕಿಸಿ ಕೇಳಿದರು. “ನಿಮಗೆ ಕೇಳಿಸಿದ್ದು ನನಗೂ ಕೇಳಿಸಿತಮ್ಮ. ಆದರೆ ಕಲಮಿನಲ್ಲಿ ‘ಬರೆಸಿದ್ದರೆ’ ಅಂತಿದೆ. ಆಕೆ ಹೇಳಿದ್ದಾರೆ, ಬರೆದಿಲ್ಲ. ನಾನೇನು ಮಾಡಲಿ?” ಅಂದರು. ಅರವತ್ತು ವರ್ಷ ಎಂದು ಆದೇಶವಾಯಿತು. ಅದು ಮುಗಿಯುವಾಗ, ಬದುಕಿದ್ದರೆ, ನನಗೆ ಎಂಬತ್ತನಾಲ್ಕು.

ನಿನ್ನೆ ಅಮ್ಮ ಆ ಎರಡು ಮಡಿ ಮೆಂತ್ಯವನ್ನೂ ಕಿತ್ತಳು. ಬೇರು ತೊಳೆದು ಎಂದಿನಂತೆ ಕಟ್ಟು ಕಟ್ಟಿ ಸುತ್ತುಬಂಡಿಗೆ ಹಾಕಿದಳು. ಬಂಡಿಯಲ್ಲಿ ನಮ್ಮ ಜಾಗ ಖಾಲಿ ಇತ್ತು. ನಮ್ಮ ಪಕ್ಕದ ಜಾಗವೂ ಖಾಲಿ ಇತ್ತು, ದಿನವೂ ಅಲ್ಲಿ ಕೂರುವವರು ಎದ್ದು ಮುಂದೆ ಹೋಗಿದ್ದರು.

ಕಮಾನು ಬೇಕೆಂದು ನೀವು ಕೈಯೆತ್ತಿದ್ದಕ್ಕೆ ನಾನು ಇಷ್ಟು ನೊಂದಿಲ್ಲ. ಪಕ್ಕದೂರಿಗೆ ಇರುವುದು ತನ್ನೂರಿಗೂ ಇರಲಿ ಎಂಬ ಆಸೆ ಯಾರಿಗಿಲ್ಲ? ಮಾವನ ಹೆಸರು ಎತ್ತರದಲ್ಲಿರಲಿ ಎಂಬುದೂ ದೊಡ್ಡ ತಪ್ಪಲ್ಲ. ನನಗೆ ಅರಗದಿರುವುದು ಬೇರೆ. ಆ ಒಂದು ಸಾಲು ಬರೆಸಿದ್ದರೆ ನಿಮ್ಮದೇನೂ ಹೋಗುತ್ತಿರಲಿಲ್ಲ. ಬಹುಮತ ನಿಮ್ಮದೇ ಇತ್ತು, ನಿಧಿ ಬರುತ್ತಿತ್ತು, ಕಮಾನು ಏಳುತ್ತಿತ್ತು, ಅಕ್ಷರ ಅಷ್ಟೇ ದಪ್ಪ ಇರುತ್ತಿತ್ತು. ಪುಟ ಚೆಂದ ಕಾಣಲೆಂದು ಒಬ್ಬ ಮುದುಕಿಯ ಮಾತನ್ನು ಬಿಟ್ಟಿರಿ. ಗೋಡೆ ಎದ್ದ ಮೇಲೆ, ಆಕೆ ಊರು ಬಿಟ್ಟ ಮೇಲೆ, ಅದೇ ಮಾತನ್ನು ನಿಮ್ಮದೆಂದು ಮಗಳಿಗೆ ಹೇಳಿದಿರಿ. ನಾಲ್ಕು ತಲೆಮಾರಿನ ಹೆಂಗಸರು ಅದನ್ನು ನಂಬಿ ಆ ಗೋಡೆಯ ಪಕ್ಕ ಬದುಕಿದೆವು. ರಸ್ತೆ ಮಂಡಲಿ ನಮಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ. ನೀವು ಕೊಟ್ಟಿದ್ದಿರಿ.

ಇದು ಮೂರನೆಯ ಹಾಳೆಯ ಕೊನೆ. ಹಿಂದೋಲೆ ತಲುಪುವುದಿಲ್ಲ ಎಂದು ಹೇಳಿದೆನಲ್ಲ, ಒಂದು ವೇಳೆ ತಲುಪಿದರೆ ಸಭೆಯ ದಿನಕ್ಕೆ ಮುಂಚೆ ತಲುಪಲಿ. ಕಮಾನಿಗೇ ಕೈಯೆತ್ತಿ, ಬೇಡವೆನ್ನುವುದಿಲ್ಲ. ಕದಿರಮ್ಮನನ್ನು ಗೇಲಿ ಮಾಡಬೇಕೆನ್ನಿಸಿದರೆ ಅದನ್ನೂ ಮಾಡಿ. ಆಮೇಲೆ ಪಿಡಿಒ ಪೆನ್ನು ಹಿಡಿದು ನಿಮ್ಮ ಕಡೆ ನೋಡುತ್ತಾರೆ. ಬರೀಲೇನು ಮೇಡಂ ಎಂದು ಕೇಳುತ್ತಾರೆ.

ಬರೀರಿ ಅನ್ನಿ.

ನಿಮ್ಮ ಮೊಮ್ಮಗಳ ಮೊಮ್ಮಗಳು,
ಇಬ್ಬನಿ