ಸ್ಕ್ಯಾನಿನ ಎರಡು ಚಿತ್ರ

ಬಳ್ಳಾರಿ
12 ಜುಲೈ 2025

ಅವ್ವಾ,

ನಿನ್ನ ಪುಷ್ಪಾಳ ನಮಸ್ಕಾರ. ಮಂಡಿ ನೋವು ಹೇಗಿದೆ? ಚಳ್ಳಕೆರೆಯಲ್ಲಿ ನಲ್ಲಿ ನೀರು ಬರುತ್ತಿದೆಯಾ? ನೀನು ಹೇಳಿಕಳಿಸಿದ ಮಾತಿಗೆ ಉತ್ತರ ಕೊಡಲು ಇಷ್ಟು ದಿನ ಮಾಡಿದೆ, ಬೈಯಬೇಡ. ಜೀನ್ಸ್ ಹೊಲಿದು ಬಂದರೆ ಬೆರಳೆಲ್ಲ ನೀಲಿ, ಪೆನ್ನು ಹಿಡಿಯಲು ಮನಸ್ಸೇ ಆಗುವುದಿಲ್ಲ. ರೂಮಿನವರೆಲ್ಲ ಮಲಗಿದ್ದಾರೆ. ನಾನು ಮೆಟ್ಟಿಲ ಮೇಲೆ ಕೂತು ಫೋನಿಗೆ ಹೇಳುತ್ತಿದ್ದೇನೆ, ಅದೇ ಬರೆದುಕೊಳ್ಳುತ್ತದೆ. ತಂಗಿ ಓದಿ ಹೇಳಲಿ. ಕಾವ್ಯಾ, ಒಂದು ಮಾತೂ ಬಿಡಬೇಡ. ಅವ್ವ ಅತ್ತರೂ ನಿಲ್ಲಿಸಬೇಡ.

“ಮೊಳಕಾಲ್ಮೂರಿಗೆ ಹೋಗು, ಅತ್ತೆ ಕಾಲಿಗೆ ಬಿದ್ದು ತಪ್ಪಾತು ಅನ್ನು, ಸೇರಿಸ್ಕಂತಾರೆ” ಅಂದೆಯಂತೆ. ಯಾವ ತಪ್ಪು ಅವ್ವಾ? ಅವರ ಬಾಯಲ್ಲಿ ಕೇಳಿದ್ದೀಯ. ಒಂದು ಸಲ ನನ್ನ ಬಾಯಲ್ಲೂ ಕೇಳು.

ಯುಗಾದಿಗೆ ಮುಂಚೆ, ಬಸುರಿನ ಮೂರನೇ ತಿಂಗಳಲ್ಲಿ ನನಗೆ ಮಗು ಹೋಯಿತು. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದೆ. ಅತ್ತೆ ಚಿತ್ತಮ್ಮ ಓಡಿ ಬಂದವರು ಮೊದಲು ರೇಷ್ಮೆಯ ಮೇಲೆ ಬಟ್ಟೆ ಮುಚ್ಚಿದರು, ರಕ್ತದ ಕಲೆ ಆಗಬಾರದಲ್ಲ. ಆಮೇಲೆ ನನ್ನನ್ನು ಎತ್ತಿದರು.

ಆಸ್ಪತ್ರೆಯಲ್ಲಿ ಹೊಟ್ಟೆ ಸ್ವಚ್ಛ ಮಾಡಿದ ಮೇಲೆ ಡಾಕ್ಟರಮ್ಮ ಇನ್ನೊಂದು ಸ್ಕ್ಯಾನ್ ಮಾಡಿದರು. “ಬಲಗಡೆ ಅಂಡಾಶಯದಾಗೆ ಒಂದು ನೀರುಗುಳ್ಳೆ ಐತಮ್ಮ. ಬಸುರಿ ಆದಾಗ ಹಿಂಗೆ ಬರೋದುಂಟು. ಮಗು ಹೋಗಿದ್ದು ಇದರಿಂದಲ್ಲ, ನೀನು ಮಗ್ಗ ತುಳಿದಿದ್ದಕ್ಕೂ ಅಲ್ಲ. ಸಾಮಾನ್ಯವಾಗಿ ಎರಡು ಮೂರು ತಿಂಗಳಾಗೆ ತಾನೇ ಕರಗ್ತೈತೆ. ಜೋರು ಹೊಟ್ಟೆನೋವು, ವಾಂತಿ ಬಂತೋ, ಕಾಯಬೇಡ, ಓಡಿ ಬಾ” ಅಂದರು. ನಿನ್ನ ಅಳಿಯ ಶಿವರಾಮ ಪಕ್ಕದಲ್ಲೇ ನಿಂತು ಎಲ್ಲದಕ್ಕೂ ತಲೆಯಾಡಿಸಿದರು.

ಮನೆಗೆ ಬಂದರೆ ಅತ್ತೆ ಎರಡೂ ಚಿತ್ರ ಕೇಳಿ ಇಸಿದುಕೊಂಡರು. ಬಸುರಿ ಅಂತ ಗೊತ್ತಾದಾಗ ತೆಗೆದದ್ದು ಒಂದು, ಈಗಿನದು ಒಂದು. ಬಾಗಿಲ ಬೆಳಕಿಗೆ ಪಕ್ಕಪಕ್ಕ ಹಿಡಿದರು. ಸೀರೆಯ ಒಂದು ಬುಟ್ಟಾ ಇನ್ನೊಂದಕ್ಕೆ ಸರಿಹೊಂದುತ್ತದಾ ಅಂತ ಹುಟ್ಟಿದಾಗಿನಿಂದ ನೋಡಿದ ಕಣ್ಣು ಅದು. ಎರಡರಲ್ಲೂ ದುಂಡಗೆ ಒಂದು ಕಪ್ಪು.

“ಇಂಕೋಟಿ ಉಂದಿ!” ಅಂತ ತೆಲುಗಿನಲ್ಲಿ ಕೂಗಿದರು, ಇನ್ನೊಂದು ಇದೆ ಅಂತ. ಮಾವನವರ ಮುಖಕ್ಕೆ ಹಿಡಿದರು. “ಅವಳಿ ಕಣ್ರೀ! ಒಂದು ಹೋತು, ಒಂದು ಉಳ್ಕಂತು. ನೋಡ್ರಿ, ಅದೇ ಬುಟ್ಟಾ!”

“ಅತ್ತೆ, ಅದು ಮಗು ಅಲ್ರಿ, ನೀರುಗುಳ್ಳೆ.”

“ಬಾಯಿ ಮುಚ್ಚೇ. ಒಂದನ್ನ ಕಳ್ಕಂಡು ಬಂದು ಇನ್ನೊಂದನ್ನೂ ಇಲ್ಲ ಅಂತೀಯಾ?”

ನಾನು ಗಂಡನ ಮುಖ ನೋಡಿದೆ. ಅವರು ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದರು. ಆಮೇಲೆ ಒಳಗೆ ಬಂದು, “ಅಮ್ಮ ನಗ್ತಾ ಐತೆ, ಇರ್ಲಿ ಬಿಡು. ಮುಂದೆ ತಾನೇ ಗೊತ್ತಾಗ್ತೈತೆ” ಅಂದರು.

ಅಲ್ಲಿಂದ ನನಗೆ ರಾಜೋಪಚಾರ ಅವ್ವಾ. ಹಾಲು, ತುಪ್ಪ, ಮಗ್ಗದ ಹತ್ತಿರ ಸುಳಿಯುವ ಹಾಗಿಲ್ಲ. ಮುಟ್ಟಾದೆ. “ಅದು ಹೋದದ್ದರ ರಕ್ತ, ಇನ್ನೂ ಬರ್ತಾ ಐತೆ” ಅಂದರು. ಮೂಲೆಯಲ್ಲಿ ಕೂತು ಅತ್ತರೆ, “ಅಳಬ್ಯಾಡ, ಒಳಗಿನದಕ್ಕೆ ತಾಗ್ತೈತೆ” ಅಂತ ಗದರುವರು. ಸೊಂಟದಲ್ಲಿ ಶಕ್ತಿ ಇಲ್ಲ, ಎದ್ದರೆ ಕಣ್ಣು ಕತ್ತಲೆ, ಮನಸ್ಸು ಎಲ್ಲೋ. ಆದರೂ ಮುಖ ನಗುತ್ತಿರಬೇಕು.

ಕಾರಹುಣ್ಣಿಮೆ ಕಳೆದ ಮೇಲೆ ಮತ್ತೆ ಸ್ಕ್ಯಾನ್. ಗುಳ್ಳೆ ಇರಲಿಲ್ಲ. ಡಾಕ್ಟರಮ್ಮ ನಕ್ಕರು. “ಕರಗೈತೆ ನೋಡು, ಎಲ್ಲಾ ಸರಿ ಐತೆ. ಮೈಯೂ ಮನಸ್ಸೂ ಸುಧಾರಿಸ್ಕಳ್ಳಲಿ, ಆಮೇಲೆ ಮಗು ಯೋಚನೆ ಮಾಡ್ರಿ.” ಅವತ್ತು ಬಸ್ ಸ್ಟ್ಯಾಂಡಿನಲ್ಲಿ ನಾನೇ ಕೇಳಿ ಮೆಣಸಿನಕಾಯಿ ಬಜ್ಜಿ ತಿಂದೆ. ಎಷ್ಟೋ ದಿನದ ಮೇಲೆ ನಾಲಿಗೆಗೆ ರುಚಿ ಸಿಕ್ಕಿತ್ತು.

ಅತ್ತೆ ಹೊಸ ಚಿತ್ರವನ್ನು ಬೆಳಕಿಗೆ ಹಿಡಿದರು. ತಿರುಗಿಸಿ ಹಿಡಿದರು. ಕಪ್ಪು ಇಲ್ಲ. ಹೊಸ್ತಿಲ ಮೇಲೆ ಕುಸಿದು ಎದೆ ಬಡಿದುಕೊಂಡರು. “ಇದನ್ನೂ ತಿಂದ್ಕಂಡ್ಲಲ್ಲಪ್ಪೋ!”

ಬೀದಿ ಸೇರಿತು. ಅವರ ಅಳು ಸುಳ್ಳಲ್ಲ ಅವ್ವಾ, ನಿಜವಾಗಿ ಅಳುತ್ತಿದ್ದರು. ಅದಕ್ಕೇ ಎಲ್ಲರೂ ನಂಬಿದರು. ನಾನು ಗಂಡನ ತೋಳು ಹಿಡಿದು, “ಡಾಕ್ಟ್ರು ಏನಂದ್ರು ಹೇಳ್ರಿ, ನೀವೇ ಕೇಳಿದ್ರಲ್ಲ” ಅಂದೆ. ತೋಳು ಬಿಡಿಸಿಕೊಂಡರು. “ಈಗ ಬ್ಯಾಡ ಪುಷ್ಪಾ” ಅಂದು ಒಳಗೆ ಹೋದರು. ಮಗ್ಗದ ಸದ್ದು ಶುರುವಾಯಿತು. ಬೆಳಿಗ್ಗೆ ನಾನು ಬಳ್ಳಾರಿ ಬಸ್ ಹತ್ತಿದೆ.

ಗುಣವಾದದ್ದೇ ನನ್ನ ತಪ್ಪು. ಅದಕ್ಕೆ ಕಾಲಿಗೆ ಬೀಳುವುದಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ನಿನ್ನ ಅಳಿಯ ಅದೇ ಹೊಸ್ತಿಲಲ್ಲಿ ನಿಂತು, ಅವರಮ್ಮನ ಎದುರು ಬಾಯಿಬಿಟ್ಟು ಹೇಳಲಿ, ಸಿಕ್ಕಿದ ಬಸ್ಸಿಗೆ ಬರುತ್ತೇನೆ. ಇಲ್ಲದಿದ್ದರೆ ಬಳ್ಳಾರಿಯೇ ನನ್ನ ಊರು.

ಮಾತ್ರೆ ಬಿಡಬೇಡ. ಕಾವ್ಯ ಚೆನ್ನಾಗಿ ಓದಲಿ, ಅವಳಿಗೆ ಹೊಟ್ಟೆನೋವು ಅಂದರೆ ಮುಚ್ಚಿಡದೆ ಆಸ್ಪತ್ರೆಗೆ ಕರಕೊಂಡು ಹೋಗು. ನನಗೆ ಒಂದೇ ಒಂದು ಆಶೀರ್ವಾದ ಮಾಡು, ಗಟ್ಟಿಯಾಗಿರು ಅಂತ. ಬೇರೆ ಏನೂ ಬೇಡ.

ನಿನ್ನ ಮಗಳು
ಪುಷ್ಪಾ

ಮರೆತು ಕೊನೆಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ, ಬಾಯಿಗೆ ಬರಲಿಲ್ಲ. ಚಳ್ಳಕೆರೆಯ ನಮ್ಮ ಬೀದಿಯ ಗೀತಮ್ಮ ಈಗ ಇಲ್ಲೇ ನನ್ನ ಪಕ್ಕದ ಮಿಷನ್ನಿಗೆ ಬಂದಿದ್ದಾಳೆ. ಮೊನ್ನೆ ಊಟದ ಹೊತ್ತಿನಲ್ಲಿ ಬೆನ್ನು ಸವರಿ, “ಪಾಪ, ಎರಡು ಹೋದವಂತಲ್ಲೇ, ನಿಮ್ಮವ್ವ ಹೇಳ್ಕಂಡು ಅಳ್ತಿದ್ಲು” ಅಂದಳು. ನೀನೂ ಎರಡು ಅಂದೆಯಾ ಅವ್ವಾ? ಹೋಗಿದ್ದು ಒಂದು. ಅದಕ್ಕೆ ಅಂತ ನನ್ನನ್ನು ಬಿಟ್ಟು ಇನ್ನೂ ಯಾರೂ ಅತ್ತಿಲ್ಲ.