ಮಿಸ್ ಬಿಟ್ಟುಹೋದ ಗಂಟೆ

ಅಡುಗೆಮನೆಯ ಮೇಜು,
ಸೋಮವಾರ ಮಧ್ಯಾಹ್ನ

ನನ್ನ ಮುದ್ದು ಅಮ್ಮಾ,

ಗಂಟೆ ನನಗೇ ಸಿಕ್ಕಿತು! ಮಿಸ್ ಅವರ ಹಿತ್ತಾಳೆ ಗಂಟೆಯನ್ನು ಇನ್ನು ಮೇಲೆ ನಾನೇ ಬಾರಿಸಬೇಕಂತೆ, ನಿನ್ನೆ ಮಾವನೇ ಎಲ್ಲರ ಮುಂದೆ ಹೇಳಿಬಿಟ್ಟರು. ಮದುವೆಯಾಗಿ ಮೂರು ತಿಂಗಳೂ ತುಂಬಿಲ್ಲ, ನೋಡು ನಿನ್ನ ಮಗಳ ಪ್ರಮೋಷನ್! ಅಯ್ಯೋ, ಮೊದಲು ಕೇಳಬೇಕಾದ್ದನ್ನೇ ಮರೆತೆ. ನಿನ್ನ ಮಂಡಿನೋವು ಹೇಗಿದೆ? ಅಪ್ಪ ಮಾತ್ರೆ ನುಂಗುತ್ತಿದ್ದಾರಾ, ಇಲ್ಲಾ ಶರ್ಟಿನ ಜೇಬಿನಲ್ಲೇ ಪುಡಿ ಮಾಡುತ್ತಿದ್ದಾರಾ? ಫೋನಿನಲ್ಲಾದರೆ ಅತ್ತುಬಿಡುತ್ತೇನೆ, ಅದಕ್ಕೇ ಈ ಕಾಗದ. ಕುಣಿಯಬೇಕೋ ಅಳಬೇಕೋ ನನಗೇ ತಿಳಿಯುತ್ತಿಲ್ಲ.

ಮದುವೆಯಲ್ಲಿ ನೀನು ಇವರ ಅಜ್ಜಿಯನ್ನು ‘ಅಮ್ಮಾವ್ರೇ’ ಎಂದಾಗ ಮನೆಯವರೆಲ್ಲ ನಕ್ಕಿದ್ದರಲ್ಲ? ಹೆತ್ತ ಮಕ್ಕಳಿಗೂ ಅವರು ಮಿಸ್ಸೇ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಇಬ್ಬರು ಮಕ್ಕಳನ್ನೂ ತಮ್ಮ ಕ್ಲಾಸಿನಲ್ಲೇ ಕೂರಿಸಿ, “ಇಲ್ಲಿ ನಾನು ಅಮ್ಮ ಅಲ್ಲ, ಗೊತ್ತಾಯ್ತಾ?” ಅಂದಿದ್ದರಂತೆ. ಮಕ್ಕಳು ಆ ಮಾತನ್ನು ಮನೆಗೂ ತಂದುಬಿಟ್ಟರು. ಹೋದ ತಿಂಗಳು ಅವರು ತೀರಿಕೊಂಡ ದಿನ ದರ್ಜಿ, ಡಾಕ್ಟರು, ಬಸ್ ಡ್ರೈವರು, ಎಲ್ಲ ಹಳೆಯ ವಿದ್ಯಾರ್ಥಿಗಳು ಬೀದಿಯಲ್ಲಿ ಯಾರೂ ಹೇಳದೆಯೇ ಎತ್ತರದ ಪ್ರಕಾರ ಸಾಲಾಗಿ ನಿಂತರು. ನನಗೆ ನಗು ಬಂತಮ್ಮಾ, ನಕ್ಕಿದ್ದಕ್ಕೆ ಆಮೇಲೆ ಅಳು ಬಂತು.

ಅವರು ನಿವೃತ್ತರಾದಾಗ ಸ್ಕೂಲಿನವರು ಕೊಟ್ಟ ಗಂಟೆ ಅದು. ರಾತ್ರಿ ಊಟಕ್ಕೆ ಅದನ್ನು ಬಾರಿಸಿದರೆಂದರೆ ಎಲ್ಲರೂ ಅವರವರ ಕುರ್ಚಿಯಲ್ಲಿ. ಆಮೇಲೆ ಹಾಜರಿ! “ಮಾನಿಟರ್?” ಅಂದರೆ ಮಾವ. “ಲಾಸ್ಟ್ ಬೆಂಚ್?” ಚಿಕ್ಕಮಾವ. “ಲೇಟು?” ನಮ್ಮವರು, ಇನ್ಯಾರು! ನಾನು ಬಂದ ದಿನವೇ “ಹೊಸ ಅಡ್ಮಿಷನ್?” ಅಂದರು. “ಪ್ರೆಸೆಂಟ್ ಮಿಸ್!” ಎಂದು ನಾನು ಕೂಗಿದ ರಭಸಕ್ಕೆ ನೀರಿನ ಲೋಟ ಉರುಳಿತು.

ಅವರು ಹೋದಮೇಲೆ ಯಾವಾಗ ಉಣ್ಣಬೇಕೆಂದೇ ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮಾವ ಒಲೆಯ ಮುಂದೆ ನಿಂತೇ ತಿನ್ನುತ್ತಾರೆ. ನಿನ್ನೆ ಅಡುಗೆ ಆರಿಹೋಗುತ್ತಿದೆಯಲ್ಲಾ ಎಂದು, ಹಿಂದೆಮುಂದೆ ನೋಡದೆ ಗಂಟೆ ಅಲ್ಲಾಡಿಸಿಬಿಟ್ಟೆ. ಎಲ್ಲರೂ ಓಡಿಬಂದು ಕೂತರು. ಎಲ್ಲರ ಕಣ್ಣೂ ಮಿಸ್ ಅವರ ಖಾಲಿ ಕುರ್ಚಿಯ ಮೇಲೆ. ತಲೆಯೆಲ್ಲ ನರೆತ ಮಾವ ಮೆಲ್ಲಗೆ “ಪ್ರೆಸೆಂಟ್ ಮಿಸ್” ಅಂದರು. ಚಿಕ್ಕಮಾವ ಅಂದರು, ಇವರೂ, ನಾನೂ. ಅತ್ತೆ ಮಾತ್ರ ಸೌಟು ಹಿಡಿದು ಒಳಗೆ ಹೋದರು.

ಮಾವ ಗಂಟೆಯನ್ನು ನನಗೊಪ್ಪಿಸಿದ್ದು ಆಗಲೇ. ಅತ್ತೆಗೆ ಸೇರಬೇಕಾದ್ದನ್ನು ಕಸಿದುಕೊಂಡೆನೇನೋ ಅನ್ನಿಸಿತು. ಅಡುಗೆಮನೆಗೆ ಹೋಗಿ ಅದನ್ನು ಅವರ ಕೈಯಲ್ಲೇ ಇಟ್ಟೆ. “ಅಯ್ಯೋ, ನಂಗ್ಯಾಕೆ ಕಣೇ ಅದು?” ಅಂದರು. “ಇಷ್ಟು ವರ್ಷದಲ್ಲಿ ಹಾಜರಿಯಲ್ಲಿ ನನ್ನ ಸರದಿನೇ ಬಂದಿಲ್ಲ. ಬಡಿಸ್ತಾ ನಿಂತಿರ್ತಿದ್ನಲ್ಲ, ಕುರ್ಚೀಲಿ ಕೂತವ್ರನ್ನ ಮಾತ್ರ ಕರೀತಿದ್ರು.” ನಗುತ್ತಲೇ ಹೇಳಿದರು. ಆ ನಗುವೇ ನನಗೆ ಅರ್ಥವಾಗುತ್ತಿಲ್ಲ. ಬೆಳಗ್ಗೆ ಕ್ಲಾಸಿಗೆ ಉಪವಾಸ ಬಂದ ಮಗುವನ್ನು ಮುಖ ನೋಡಿಯೇ ಕಂಡುಹಿಡಿಯುತ್ತಿದ್ದ ಮಿಸ್ಸಿಗೆ ಪಕ್ಕದಲ್ಲೇ ನಿಂತವರು ಕಾಣಲಿಲ್ಲವೇ? ಮಿಸ್ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಪ್ರೀತಿ ಬಿಡುತ್ತಿಲ್ಲ. ಇವತ್ತು ರಾತ್ರಿ ಗಂಟೆ ಬಾರಿಸಲಾ, ಬಚ್ಚಿಡಲಾ?

ಅಪ್ಪನ ಕೆನ್ನೆ ನನ್ನ ಪರವಾಗಿ ಹಿಂಡು. ನಿನಗೆ ಒಂದು ಬುಟ್ಟಿ ಮುತ್ತು.

ನಿನ್ನ ತಲೆಕೆಟ್ಟ
ಹೊಸ ಅಡ್ಮಿಷನ್

ಮರೆತೇಬಿಟ್ಟೆ: ಅಮ್ಮನ ಮನೆಗೆ ಹೋಗಿಬರಲಾ ಎಂದು ಈಗಷ್ಟೇ ಅತ್ತೆಯನ್ನು ಕೇಳಿದೆ. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, “ನಾನೂ ಬರ್ಲಾ?” ಅಂದರು! ಗಂಡಸರು ಬಡಿಸಿಕೊಂಡು ತಿನ್ನಲಿ. ಅಲ್ಲಿ ನೀನು ಊಟಕ್ಕೆ ಮೊದಲು ಅತ್ತೆಯನ್ನೇ ಕರೆ, ಕೂರಿಸು, ಬಡಿಸಲು ಎದ್ದರೆ ಗದರಿಬಿಡು. ಗಂಟೆ ನನ್ನ ಬ್ಯಾಗಿನಲ್ಲಿರುತ್ತದೆ. ಮುಂದಿನ ವಾರ ಗುರುವಾರ, ಬೆಳಗಿನ ಪ್ಯಾಸೆಂಜರ್ ರೈಲು, ಇಬ್ಬರು.