ಮೈಗೆ ಗುರುತಿದ್ದ ವೈರಸ್ಸು

ಕಾಮೋಠೆ, ಗುರುವಾರ

ಅಕ್ಕಾ,

ಫೋನಿನಲ್ಲಿ ಹೇಳಿದರೆ ನಿನ್ನ ಅಳು ಕೇಳಬೇಕಾದೀತೆಂದು ಕಾರ್ಡು ಬರೆಯುತ್ತಿದ್ದೇನೆ. ರಕ್ತ ಹೆಪ್ಪುಗಟ್ಟದ ನನ್ನ ಕಾಯಿಲೆಯ ಹೊಸ ಚಿಕಿತ್ಸೆಗೆ ನಾನು ಆಯ್ಕೆಯಾಗಲಿಲ್ಲ. ಒಳ್ಳೆಯ ಜೀನನ್ನು ಒಂದು ನಿರುಪದ್ರವಿ ವೈರಸ್ಸಿನೊಳಗೆ ತುಂಬಿ ಯಕೃತ್ತಿಗೆ ಕಳಿಸುತ್ತಾರೆ. ಆ ವೈರಸ್ಸು ಎಂದೋ ಒಮ್ಮೆ ನನ್ನೊಳಗೆ ಬಂದು ಹೋಗಿದೆಯಂತೆ. ಇಲ್ಲಿನ ಆಸ್ಪತ್ರೆಯಲ್ಲಿರುವ ವಿಜಯಪುರದ ಕಡೆಯ ನರ್ಸ್ ಕಾಂಚನಾ ರಕ್ತಪರೀಕ್ಷೆಯ ವರದಿ ನೋಡಿ ಹೇಳಿದಳು: “ನಿಮ್ಮ ಮೈಗೆ ಅದರ ಗುರ್ತ ಐತ್ರಿ ಸರ. ಮತ್ತ ಬಂತಂದ್ರ ಬಾಗಲದಾಗೇ ಹೊಡದ ಹಾಕ್ತೈತಿ. ಔಷಧ ಒಳಗ ಮುಟ್ಟಂಗಿಲ್ಲ.”

ಮದ್ದು ಬಂತು ವೈರಸ್ಸಿನ ಹೆಗಲೇರಿ,
ಮೈಯೇ ಅಂದಿತು, ಹಿಡಿಯಯ್ಯಾ ಬಂದ ದಾರಿ!

ನಾನು ಕಟ್ಟಿದ ಈ ಪ್ರಾಸ ಕೇಳಿ ಅವಳು ನಗಲಿಲ್ಲ.

ನಾನು ಉಳಿದುಕೊಂಡಿರುವ ಧರ್ಮಪಾಲ ಮಾವನ ಬಿಲ್ಡಿಂಗಿನ ವಾಚ್‌ಮನ್ ದಿನಾ ನನ್ನ ಹೆಸರು ಬರೆಸಿಕೊಂಡೇ ಒಳಬಿಡುತ್ತಾನೆ. ಒಂಬತ್ತು ದಿನವಾದರೂ ಗುರುತು ಹತ್ತಿಲ್ಲ. ನನ್ನ ಮೈಗೆ ಮಾತ್ರ ಅಂಥ ಮರೆವಿಲ್ಲ.

ಅಮ್ಮ ನನ್ನನ್ನು ಮುಳ್ಳು, ಕತ್ತಿ, ಕಬಡ್ಡಿಯಿಂದ ಕಾಪಾಡಿದಳು. ಮೇಜಿನ ಮೂಲೆಗಳಿಗೂ ಬಟ್ಟೆ ಸುತ್ತಿದಳು. ಆದರೂ ಈ ವೈರಸ್ಸು ಅವಳ ಕಣ್ಣು ತಪ್ಪಿಸಿ ಒಳಬಂದಿತ್ತು. ಕಾರ್ಡು ಅವಳ ಕೈಗೆ ಸಿಗದಿರಲಿ.

ಮೊಣಕಾಲಿನ ಬಾವು ಇಳಿದಿದೆ. ಶನಿವಾರ ಪನವೇಲಿನಿಂದ ರೈಲು ಹತ್ತುತ್ತೇನೆ.

ನನ್ನದೇ ಕಾಯಿಲೆ ಹೊತ್ತ ನಿನ್ನ ಮಗ ಜಯೇಶನನ್ನು ಹದಿನೆಂಟು ತುಂಬಿದ ಕೂಡಲೇ ಕರೆತನ್ನಿ ಎಂದಿದ್ದಾರೆ. ಇನ್ನು ಏಳು ತಿಂಗಳು. ಅಲ್ಲಿಯವರೆಗೆ ಅವನಿಗೆ ಆ ವೈರಸ್ಸು ತಗಲದಂತೆ ನೋಡಿಕೊಳ್ಳುವುದು ಹೇಗೆಂದು ಕೇಳಿದೆ.

“ಅದು ಬಂದ್ರ ಜ್ವರಾನೂ ಬರಂಗಿಲ್ರಿ, ಗೊತ್ತೇ ಆಗಂಗಿಲ್ಲ,” ಅಂದಳು ಕಾಂಚನಾ.

ನೀನು ಮೇಜಿಗೆ ಬಟ್ಟೆ ಸುತ್ತುವುದನ್ನಾದರೂ ಬಿಡಬೇಡ. ಜಾಗ ಮುಗಿಯಿತು.

ವಾಮನ